ಚಕ್ರದಡಿಯ ಕಲ್ಲು

ತರಕಾರಿ ತೋಟದವಳ ಪುಟ್ಟ ಟ್ರ್ಯಾಕ್ಟರಿಗೆ ಅವಳಷ್ಟೇ ವಯಸ್ಸು, ಅವಳಷ್ಟೇ ಹಟ. ದೊಡ್ಡ ಟ್ರ್ಯಾಕ್ಟರು ತಿರುಗಲೂ ಜಾಗವಿಲ್ಲದ ಆ ತೋಟದಲ್ಲಿ ಅದು ಒಂದು ಸಸಿಯನ್ನೂ ತುಳಿಯದೆ ಸಾಲುಗಳ ನಡುವಿನ ಕಳೆ ತೆಗೆಯುತ್ತಿತ್ತು, ಗೊಬ್ಬರ ಎಳೆಯುತ್ತಿತ್ತು. ಕೆಟ್ಟಿದ್ದು ಸ್ಟಾರ್ಟರ್ ಒಂದೇ. ಹಾಗಾಗಿ ಸಂಜೆ ಅದನ್ನು ಇಳಿಜಾರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಬೇಕು. ಬೆಳಿಗ್ಗೆ ಇವಳು ಹತ್ತಿ ಕೂತ ಮೇಲೆ ಇನ್ನೊಬ್ಬರು ಕಲ್ಲು ಎಳೆದರೆ, ಗಾಡಿ ಉರುಳುತ್ತಾ ಸ್ಟಾರ್ಟ್ ಆಗುತ್ತದೆ.

ಹತ್ತಿರದಲ್ಲಿದ್ದ ಇಳಿಜಾರೆಂದರೆ ಅಕ್ಕನ ಮನೆಯ ಮುಂದಿನದೇ. ಜಮೀನು ಪಾಲಾದಂದಿನಿಂದ ಅಕ್ಕ ತಂಗಿ ಮಾತು ಬಿಟ್ಟಿದ್ದರು. ಆದರೆ ಗಾಡಿ ಅಪ್ಪನದು, ಅದರ ಮೇಲೆಂಥ ಸಿಟ್ಟು? ದಿನಾ ಬೆಳಿಗ್ಗೆ ಅಕ್ಕ ಮುಖ ಊದಿಸಿಕೊಂಡು ಬಂದು, ಕಲ್ಲು ಎಳೆದು, ತಿರುಗಿಯೂ ನೋಡದೆ ಒಳಗೆ ಹೋಗುತ್ತಿದ್ದಳು.

ಮೊನ್ನೆ ಅಳಿಯ ಹೊಸ ಸ್ಟಾರ್ಟರ್ ಹಾಕಿಸಿಕೊಟ್ಟ. "ಇನ್ನು ಯಾರ ಹಂಗೂ ಬೇಡ ಅತ್ತೆ," ಅಂದ. ತೋಟದವಳು ಹೂಂಗುಟ್ಟಿದಳು. ಸಂಜೆಯಾಗುತ್ತಲೇ ಗಾಡಿಯನ್ನು ಮತ್ತೆ ಅಕ್ಕನ ಮನೆಯ ಮುಂದೆ ನಿಲ್ಲಿಸಿ, ಕಲ್ಲು ಕೊಟ್ಟು ಬಂದಳು.

ಬೆಳಿಗ್ಗೆ ಅಕ್ಕ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. ಗಾಡಿಯನ್ನು ನೋಡಿದಳು, ತಂಗಿಯನ್ನೂ ನೋಡಿದಳು.

"ಸ್ಟಾರ್ಟರ್ ಹಾಕ್ಸಿದ್ಯಂತೆ?"

"ಹಾಕ್ಸಿದೀನಿ. ಅದನ್ನ ನಂಬ್ಕೊಂಡು ಕೂತ್ರೆ ಆಯ್ತು ಅಷ್ಟೆ."

ಅಕ್ಕ ಬಗ್ಗಿ ಕಲ್ಲಿಗೆ ಕೈಹಾಕಿದಳು. "ನಾಳೆ ಸ್ವಲ್ಪ ಬೇಗ ಬಾ. ನಂಗೂ ಬೇರೆ ಕೆಲ್ಸ ಇರುತ್ತೆ."