ಬೋರಣ್ಣನ ನಾಲ್ಕು ಬೆರಳು

ಬಾಯ್ಲರ್ ಸಿಡಿಯಬಹುದಿತ್ತು. ಹತ್ತಿ ರಾಶಿಗೆ ಕಿಡಿ ಬೀಳಬಹುದಿತ್ತು. ಹಬೆಯ ಜೊತೆ ನೀರು ನುಗ್ಗಿ, ಎಂಜಿನ್ನಿನ ಸಿಲಿಂಡರ್ ಮುಚ್ಚಳ ಒಡೆದು ಹಾರಿ, ಮೂಲೆಯಲ್ಲಿ ಕೂತ ನನ್ನ ತಲೆಯನ್ನೇ ಹುಡುಕಿಕೊಂಡು ಬರಬಹುದಿತ್ತು. ಚಳ್ಳಕೆರೆಯ ಹತ್ತಿ ಗಿರಣಿಯಲ್ಲಿ ಗುಮಾಸ್ತನಾಗಿದ್ದಷ್ಟು ದಿನವೂ ನಾನು ದಿನಕ್ಕೊಂದು ಸಾವು ಸತ್ತವನು.

ಇವೆಲ್ಲಕ್ಕೂ ಅಡ್ಡ ನಿಂತಿದ್ದವನು ಬಾಯ್ಲರ್ ನೋಡಿಕೊಳ್ಳುವ ಬೋರಣ್ಣ. ಬಿ.ಜಿ. ಕೆರೆಯವನು. ಹುಬ್ಬು ಸುಟ್ಟುಹೋಗಿ ಎಷ್ಟೋ ವರ್ಷವಾಗಿತ್ತು. ದಿನಾ ಬೆಳಿಗ್ಗೆ ಹಬೆಯ ಕೊಳವೆಯ ಪುಟ್ಟ ನಲ್ಲಿ ತಿರುಗಿಸಿ ಬಗ್ಗಿ ನೋಡುವನು. ನಲ್ಲಿಯ ಬಾಯಿಗೂ ಬಿಳಿ ಹೊಗೆ ಶುರುವಾಗುವುದಕ್ಕೂ ನಡುವೆ ಏನೂ ಕಾಣದ ಜಾಗ ನಾಲ್ಕು ಬೆರಳಿದ್ದರೆ ಹಬೆ ಒಣಗಿದೆ, ಎಂಜಿನ್ ನಡೆಯಬಹುದು. ಕಡಿಮೆಯಿದ್ದರೆ ನೀರು ಬೆರೆತಿದೆ, ನಿಲ್ಲಿಸಬೇಕು.

"ಕಾಣೋದು ನೀರು ಸ್ವಾಮಿ. ಹಬೆ ಕಾಣಲ್ಲ."

"ಕಾಣದ್ದಕ್ಕೇ ನಂಗೆ ಭಯ ಬೋರಣ್ಣ."

"ನಿಮಗೆ ಕಂಡಿದ್ದಕ್ಕೂ ಭಯ, ಬಿಡ್ರಿ!"

ಒಂದು ದಿನ ಬಳಿಗೆ ಬಂದು ದನಿ ತಗ್ಗಿಸಿದ. "ಕಣ್ಣಿಗೆ ಪೊರೆ ಬಂದೈತೆ ಸ್ವಾಮಿ. ಎಲ್ಲಾ ಬೆಳ್ಳಗೆ ಕಾಣ್ತೈತೆ. ಸಾಹುಕಾರ್ರಿಗೆ ಗೊತ್ತಾದ್ರೆ ನಾಳೇನೇ ಮನೆಗೆ ಕಳಿಸ್ತಾರೆ. ನೀವು ನೋಡಿ ಎಷ್ಟು ಬೆರಳು ಅಂತ ಹೇಳ್ರಿ, ಸಾಕು."

ನೋಡಿದೆ. ನಾಲ್ಕು ಕಂಡಿತು. ಆದರೆ ನಾಲ್ಕು ಎಂದು ಹೇಳಿ, ಮುಚ್ಚಳ ಹಾರಿಬಿಟ್ಟರೆ?

"ಮೂರು," ಎಂದೆ.

ಬೋರಣ್ಣ ಎಂಜಿನ್ ನಿಲ್ಲಿಸಿದ. ಮರುದಿನವೂ ಮೂರು ಎಂದೆ, ಅದರ ಮರುದಿನವೂ. ಪರಶುರಾಂಪುರದಿಂದ ಬಂದ ಹತ್ತಿ ಗಾಡಿಗಳು ಅಂಗಳದಲ್ಲೇ ನಿಂತವು. ಸಾಹುಕಾರರು ರೇಗಿ ಮದರಾಸಿನಿಂದ ಒಬ್ಬ ಎಂಜಿನಿಯರನ್ನು ಕರೆಸಿದರು. ಆತ ತಂದ ಹಿತ್ತಾಳೆಯ ಪಾತ್ರೆಯೊಳಗೆ ಹಬೆ ಹಾಯಿಸಿ ಶಾಖ ಅಳೆದರೆ ಅದರಲ್ಲಿ ಎಷ್ಟು ನೀರಿದೆಯೆಂದು ತಿಳಿಯುತ್ತಿತ್ತು. ಮೂರು ದಿನ ಅಳೆದ. ಮೂರು ದಿನವೂ ಹಬೆ ಒಣಗಿಯೇ ಇತ್ತು.

"ಚೆನ್ನಾಗೇ ಐತಲ್ಲೋ ಹಬೆ! ನಿಂಗೇನು ಕಣ್ಣು ಕುರುಡೇನಲೇ?" ಎಂದರು ಸಾಹುಕಾರರು.

ಬೋರಣ್ಣ ನನ್ನತ್ತ ತಿರುಗಿದ. ನನ್ನತ್ತ ಅಲ್ಲ, ನಾನಿದ್ದೇನೆಂದು ಅವನು ಅಂದುಕೊಂಡಿದ್ದ ಕಡೆಗೆ. ನಾನು ಲೆಕ್ಕದ ಪುಸ್ತಕದ ಮೇಲೆ ಬಗ್ಗಿದೆ.

"ಹೌದು ಧಣಿ," ಎಂದ. ಮರುದಿನವೇ ಅವನನ್ನು ಮನೆಗೆ ಕಳಿಸಿದರು.

ಎರಡು ವರ್ಷದ ಮೇಲೆ ಬಿ.ಜಿ. ಕೆರೆಗೆ ಹೋದೆ. ಬೋರಣ್ಣ ಜಗಲಿಯ ಮೇಲೆ ಕೂತಿದ್ದ. ಕಣ್ಣು ಪೂರ್ತಿ ಹೋಗಿತ್ತು. ನನ್ನ ದನಿ ಕೇಳಿದ್ದೇ ಒಂದೇ ಮಾತು ಕೇಳಿದ: "ಆವತ್ತು ನಿಜವಾಗ್ಲೂ ಎಷ್ಟಿತ್ತು ಸ್ವಾಮಿ?"

"ನಾಲ್ಕು."

ನಾಲ್ಕು ಬೆರಳನ್ನು ಮುಖದೆದುರು ಹಿಡಿದು, ಒಂದೊಂದಾಗಿ ಮಡಿಸಿದ. "ಹಂಗಾದ್ರೆ ನನ್ನ ಬಾಯ್ಲರ್ ಸರಿಯಾಗೇ ಇತ್ತು," ಎಂದ. ಆ ಬೇಸಿಗೆಯಲ್ಲೇ ತೀರಿಕೊಂಡ.

ಬಾಯ್ಲರ್ ಸಿಡಿಯಲಿಲ್ಲ. ಹತ್ತಿಗೆ ಕಿಡಿ ಬೀಳಲಿಲ್ಲ. ಮುಚ್ಚಳ ಹಾರಲಿಲ್ಲ. ನಾನು ಒಂದು ಬೆರಳು ಕಡಿಮೆ ಹೇಳಿದೆ, ಅಷ್ಟೆ.