ಹೊಳೆಬದಿಯಲ್ಲಿ ಒಂದೇ ಸಲ ಕರೆದದ್ದು

ಮೇ ತಿಂಗಳ ಮೊದಲ ಶನಿವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹೊರಟ ಸ್ಥಳ ಪುತ್ತೂರಿನ ನಮ್ಮ ಮನೆಯ ಗೇಟು. ಹಾಜರಿದ್ದವರು ನಾಲ್ವರು: ನಾನು, ನನ್ನ ಹೆಂಡತಿ, ಮಗಳ ಇಬ್ಬರು ಗಂಡುಮಕ್ಕಳು. ದೊಡ್ಡವನು ಸುಹಾಸ, ಆಗ ಒಂಬತ್ತು ವರ್ಷ. ಸಣ್ಣವನು ತನುಷ, ಆರು. ನಡೆದು ಮೂರು ವರ್ಷವಾಯಿತು. ಇಷ್ಟನ್ನು ಮೊದಲೇ ಬರೆದಿಡುತ್ತಿದ್ದೇನೆ, ಏಕೆಂದರೆ ಆ ದಿನದ ಬಗ್ಗೆ ನಾನು ಖಚಿತವಾಗಿ ಹೇಳಬಹುದಾದದ್ದು ಇದರ ಆಚೆಗೆ ಹೆಚ್ಚಿಲ್ಲ.

ಇಂಥ ಅನುಭವಗಳನ್ನು ಬೇರೆಯವರು ಹೇಳುವಾಗ ನಾನು ನಂಬಿದವನಲ್ಲ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಊರಿನವರ ಬಾಯಲ್ಲಿ ಡ್ರಿಲ್ ಮಾಸ್ಟ್ರು. ಯಾರಾದರೂ ವಿಚಿತ್ರ ಕಥೆ ಹೇಳಿದರೆ ಮೊದಲು ಗಂಟೆ ಎಷ್ಟಾಗಿತ್ತು ಎಂದು ಕೇಳುತ್ತಿದ್ದೆ, ಆಮೇಲೆ ಅವರು ನಿದ್ದೆ ಮಾಡಿದ್ದರೋ ಇಲ್ಲವೋ ಎಂದು. ಹೆಚ್ಚಿನ ಕಥೆಗಳು ಈ ಎರಡು ಪ್ರಶ್ನೆಗೇ ಬಿದ್ದುಹೋಗುತ್ತಿದ್ದವು. ಎದುರಿಗಿದ್ದವರ ಮುಖ ಸಣ್ಣದಾಗುವುದನ್ನು ನೋಡಿ ನನಗೆ ಖುಷಿಯಾಗುತ್ತಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಮಗಳು ಪುತ್ತೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಅಳಿಯನ ಕೆಲಸ ತಿರುಗಾಟದ್ದು. ಹಾಗಾಗಿ ಬೇಸಿಗೆ ರಜೆಯ ಶನಿವಾರಗಳಲ್ಲಿ ಮಕ್ಕಳು ನಮ್ಮ ಪಾಲಿಗೆ. ನನ್ನ ಹಳೆಯ ವ್ಯಾನಿನಲ್ಲಿ ಅವರನ್ನು ಎಲ್ಲಾದರೂ ಕರೆದುಕೊಂಡು ಹೋಗುವುದು ನನ್ನ ಕೆಲಸ. ತೊಡಿಕಾನಕ್ಕೆ ಹೋಗಿ ದೇವರ ಮೀನುಗಳಿಗೆ ಅಕ್ಕಿ ಹಾಕಿ ಬಂದಿದ್ದೆವು. ಸುಬ್ರಹ್ಮಣ್ಯಕ್ಕೆ ಎರಡು ಸಲ. ಪ್ರತಿ ಪ್ರವಾಸಕ್ಕೂ ವೇಳಾಪಟ್ಟಿ, ಪ್ರತಿ ಪ್ರವಾಸಕ್ಕೂ ಡೈರಿಯಲ್ಲಿ ಒಂದು ಸಾಲು. ಹೊರಟ ಹೊತ್ತು, ತಲುಪಿದ ಹೊತ್ತು, ಹೋದವರು, ಬಂದವರು, ಕೊನೆಯಲ್ಲಿ ‘ವಿಶೇಷ’ ಎಂದೊಂದು ಕಾಲಂ. ಆ ಕಾಲಂನಲ್ಲಿ ಸಾಮಾನ್ಯವಾಗಿ ‘ಏನಿಲ್ಲ’ ಎಂದು ಬರೆಯುತ್ತಿದ್ದೆ.

ಮೈದಾನದ ಒಂದು ಪದ್ಧತಿಯನ್ನು ಮನೆಗೂ ತಂದಿದ್ದೆ. ವ್ಯಾನು ಹೊರಡುವ ಮೊದಲು ನಾನು ಸ್ಟಿಯರಿಂಗ್ ಹಿಡಿದು, ಮುಂದೆಯೇ ನೋಡುತ್ತಾ ‘ನಂಬರ್!’ ಎಂದು ಕೂಗಬೇಕು. ಹಿಂದಿನಿಂದ ದೊಡ್ಡವನು ‘ಒಂದು’ ಎನ್ನಬೇಕು, ಸಣ್ಣವನು ‘ಎರಡು’ ಎನ್ನಬೇಕು. ನಾನು ‘ಸರಿ’ ಎನ್ನಬೇಕು. ಆಮೇಲೆ ಗೇರು. ತಿರುಗಿ ನೋಡುವ ಕ್ರಮವಿಲ್ಲ. ಅರುವತ್ತು ಹುಡುಗರ ಸಾಲನ್ನು ಕಿವಿಯಿಂದಲೇ ಎಣಿಸಿದವನು ಎಂಬ ಜಂಬ ನನಗಿತ್ತು.

ಆ ದಿನದ ದಾರಿ ಹೀಗಿತ್ತು: ಕಡಬ, ಕೋಡಿಂಬಾಳ, ಪಂಜ, ಸುಳ್ಯ, ಜಾಲ್ಸೂರು, ಮತ್ತೆ ಪುತ್ತೂರು. ಕೋಡಿಂಬಾಳದ ಕಡೆ ನನ್ನ ಹೆಂಡತಿ ಹುಟ್ಟಿ ಬೆಳೆದವಳು. ಅವಳು ಚಿಕ್ಕಂದಿನಲ್ಲಿ ಬಟ್ಟೆ ಒಗೆಯಲು ಹೋಗುತ್ತಿದ್ದ ಹೊಳೆಯ ಜಾಗದಲ್ಲಿ ಮಕ್ಕಳಿಗೆ ಸ್ನಾನ, ಊಟ. ಕಡಬದಲ್ಲಿ ತಿಂಡಿ ಮುಗಿಸಿ ಒಂಬತ್ತೂವರೆಗೆ ತಲುಪಿದೆವು. ಬೇಸಿಗೆಯಾದ್ದರಿಂದ ದಡದ ಹತ್ತಿರ ಮೊಣಕಾಲು ನೀರು. ಆದರೆ ಒಂದು ಚಪ್ಪಟೆ ಬಂಡೆಯ ಆಚೆ ಆಳವಾದ ಗುಂಡಿ ಇತ್ತು. ಅದನ್ನು ತೋರಿಸಿ, ಬಂಡೆ ದಾಟಬಾರದೆಂದು ಇಬ್ಬರಿಗೂ ಹೇಳಿದ್ದೆ. ಇಬ್ಬರಿಗೂ ಈಜು ಬಾರದು.

ಹನ್ನೆರಡಕ್ಕೆ ಊಟ. ಚಿತ್ರಾನ್ನ, ಮೊಸರನ್ನ, ಹಪ್ಪಳ. ಹನ್ನೆರಡೂವರೆಗೆ ಚಾಪೆ, ಪಾತ್ರೆಗಳನ್ನು ಹೊತ್ತು ಮೇಲೆ ರಸ್ತೆಗೆ ಬಂದೆವು. ಹೊಳೆಯಿಂದ ರಸ್ತೆಗೆ ಪೊದೆಗಳ ನಡುವೆ ನೂರೈವತ್ತು ಹೆಜ್ಜೆ, ಏರು ದಾರಿ. ಸಣ್ಣವನಿಗೆ ವ್ಯಾನಿನ ಹಿಂಬದಿಯಲ್ಲಿ, ಚಾಪೆಗಳ ಮೇಲೆ ಮಲಗುವ ಅಭ್ಯಾಸ. ಹಿಂದಿನ ಬಾಗಿಲಿನಿಂದ ಅವನು ಹತ್ತಿದ್ದನ್ನು ನಾನೇ ನೋಡಿದ್ದೆ. ಚಪ್ಪಲಿ ಬಂಡೆಯ ಮೇಲೆ ಬಿಟ್ಟದ್ದು ನೆನಪಾಗಿ ಅವನು ಮತ್ತೆ ಇಳಿದು ಓಡಿದ್ದನ್ನು ಯಾರೂ ನೋಡಲಿಲ್ಲ. ನಾನು ವ್ಯಾನಿನ ಮುಂಬದಿಯಲ್ಲಿ ಕೈ ತೊಳೆಯುತ್ತಿದ್ದೆ. ಬಂದು, ಒಳಗೆ ಕಣ್ಣು ಹಾಕದೆ ಹಿಂದಿನ ಬಾಗಿಲು ಮುಚ್ಚಿದೆ. ಹೇಗೂ ನಂಬರ್ ಆಗಲಿಕ್ಕುಂಟಲ್ಲ.

ಆಗ ನನ್ನ ಹೆಂಡತಿ ಒಂದು ಮಾತು ಹೇಳಿದಳು.

“ಮಾರಾಯ್ರೆ, ಆ ನಿಮ್ಮ ನಂಬರ್ ಇಲ್ಲಿ ಕೂಗುದಾದರೆ ಎರಡು ಸಲ ಕೂಗಿ. ನಡುಮಧ್ಯಾಹ್ನ, ಹೊಳೆಬದಿ.”

ಅವಳ ಊರಿನಲ್ಲಿ ಹಾಗೊಂದು ನಂಬಿಕೆ. ಮಧ್ಯಾಹ್ನದ ಹೊತ್ತು ಹೊಳೆಯ ಹತ್ತಿರ ಯಾರನ್ನೂ ಒಂದೇ ಸಲ ಕರೆಯಬಾರದು, ಒಂದೇ ಸಲ ಕರೆದರೆ ಓಗೊಡಲೂಬಾರದು. ಮನುಷ್ಯರಾದರೆ ಎರಡನೇ ಸಲ ಕರೆಯುತ್ತಾರೆ, ಬೇರೆಯದಾದರೆ ಕರೆಯುವುದಿಲ್ಲ ಎಂದು.

“ನಿನ್ನ ಊರಿನ ಹೊಳೆಗೆ ನಂಬರ್ ಹೇಳಲಿಕ್ಕೆ ಬರ್ತದಾ?” ಎಂದೆ. “ಒಂದು ಸಲ ಹೇಳಿದರೆ ಕೇಳದವರಿಗೆ ನಾನು ಪಾಠ ಮಾಡಿದ್ದೇ ಇಲ್ಲ.”

“ನನಗೆ ಎಂತ, ಹೇಳುದು ಹೇಳಿದೆ” ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ನಾನು ‘ನಂಬರ್!’ ಎಂದು ಒಂದೇ ಸಲ ಕೂಗಿದೆ. ‘ಒಂದು’ ಎಂದು ಕೇಳಿತು. ‘ಎರಡು’ ಎಂದು ಕೇಳಿತು. ತನುಷನಿಗೆ ಆಗ ಮುಂದಿನ ಹಲ್ಲು ಬಿದ್ದಿದ್ದರಿಂದ ಮಾತಿನಲ್ಲಿ ಗಾಳಿ ಸೇರುತ್ತಿತ್ತು. ಅದು ಸಹ ಹಾಗೆಯೇ ಕೇಳಿತು. ‘ಸರಿ’ ಎಂದು ಗೇರು ಹಾಕಿದೆ.

ಪಂಜ ತಲುಪಲು ಇಪ್ಪತ್ತೆರಡು ನಿಮಿಷ ಬೇಕಾಯಿತು. ಅಲ್ಲಿ ರಸ್ತೆಬದಿಯಲ್ಲಿ ಅಶ್ರಫನ ಸೋಡಾ ಅಂಗಡಿ. ಅವನು ನನ್ನ ಹಳೆಯ ಶಿಷ್ಯ. ನಾವು ಇಳಿಯುವ ಮೊದಲೇ ನಗುತ್ತಾ ಬಂದ. “ಮಾಸ್ಟ್ರೆ, ಈಗಲೂ ನಂಬರ್ ಉಂಟಾ? ನನ್ನದು ಹದಿನೇಳು. ಮದುವೆಯ ದಿನ ಯಾರೋ ಹಿಂದಿನಿಂದ ಕರೆದಾಗಲೂ ನಾನು ಹದಿನೇಳು ಅಂದುಬಿಟ್ಟೆ!” ನಾಲ್ಕು ಲಿಂಬೆ ಸೋಡಾ ಹೇಳಿದೆ. ಅವನು ನಾಲ್ಕು ಗ್ಲಾಸು ತಂದು ಬೆಂಚಿನ ಮೇಲಿಟ್ಟು, ಮೂವರನ್ನು ನೋಡಿ ಕೇಳಿದ, “ನಾಲ್ಕನೆಯದು ಯಾರಿಗೆ ಮಾಸ್ಟ್ರೆ?”

“ಸಣ್ಣವ ಹಿಂದೆ ಮಲಗಿದ್ದಾನೆ” ಎಂದು ಹೋಗಿ ಬಾಗಿಲು ತೆರೆದೆ. ಚಾಪೆ ಇತ್ತು, ಪಾತ್ರೆಯ ಚೀಲ ಇತ್ತು. ಚಾಪೆ ಎತ್ತಿ ನೋಡಿದೆ. ಚಾಪೆಯ ಕೆಳಗೆ ಮಗು ಇರುವುದಕ್ಕೆ ಸಾಧ್ಯವಿಲ್ಲವೆಂದು ಗೊತ್ತಿದ್ದೂ ಎತ್ತಿ ನೋಡಿದೆ.

ನಾನು ಮಾಡಬೇಕಾದದ್ದು ಒಂದೇ, ವ್ಯಾನು ತಿರುಗಿಸುವುದು. ಆದರೆ ನನ್ನ ತಲೆಗೆ ಮೊದಲು ಬಂದದ್ದು ಮಗುವಿನ ಚಿಂತೆಯಲ್ಲ, ಲೆಕ್ಕ ತಪ್ಪಿದ್ದು ಹೇಗೆ ಎಂಬುದು. ಸುಹಾಸನಿಗೆ ತಮ್ಮನ ಸ್ವರ ಅಣಕಿಸಲು ಬರುತ್ತಿತ್ತು. ತೊಡಿಕಾನದಿಂದ ಬರುವಾಗ ಒಮ್ಮೆ ಎರಡೂ ನಂಬರನ್ನು ತಾನೇ ಹೇಳಿ ಎಲ್ಲರನ್ನೂ ನಗಿಸಿದ್ದ. ಅದು ನೆನಪಾದದ್ದೇ, ಅವನ ಕೆನ್ನೆಗೆ ಹೊಡೆದೆ. ಬೀದಿಯಲ್ಲಿ, ನಾಲ್ಕು ಜನರ ಎದುರು, ಕೈ ಬೀಸಿ.

“ತಮಾಷೆ ಮಾಡ್ತೀಯಾ?”

“ನಾನಲ್ಲ ಅಜ್ಜ. ನಾನು ಒಂದು ಮಾತ್ರ ಹೇಳಿದ್ದು. ಅವನೇ ಹೇಳಿದ, ನನಗೂ ಕೇಳಿದೆ.”

“ಸುಳ್ಳು!” ಎಂದು ಎರಡನೇ ಸಲ ಕೈ ಎತ್ತಿದೆ. ಅಶ್ರಫ ನಡುವೆ ಬಂದು ನನ್ನ ಕೈ ಹಿಡಿದ. ಅವನ ಮುಖದಲ್ಲಿ ಈಗ ನಗು ಇರಲಿಲ್ಲ.

“ಮಾಸ್ಟ್ರೆ, ಹೊಡೆಯುದು ಮತ್ತೆ. ಮೊದಲು ಹೋಗಿ.”

ನನ್ನ ಹೆಂಡತಿ ಆಗಲೇ ವ್ಯಾನಿನಲ್ಲಿ ಕುಳಿತಾಗಿತ್ತು. ಸುಹಾಸನನ್ನು ತನ್ನ ಮಡಿಲಿಗೆ ಎಳೆದುಕೊಂಡಿದ್ದಳು. ಮರಳಿ ಹೋಗಲು ಹದಿನಾಲ್ಕು ನಿಮಿಷ. ನನ್ನ ಕಣ್ಣ ಮುಂದೆ ಬಂಡೆಯ ಆಚೆಯ ಗುಂಡಿ ಮಾತ್ರ ಇತ್ತು.

ನೂರೈವತ್ತು ಹೆಜ್ಜೆಯ ಇಳಿಜಾರನ್ನು ನಾನು ಓಡಿದೆನೋ ಜಾರಿದೆನೋ ತಿಳಿಯದು. ತನುಷ ಚಪ್ಪಟೆ ಬಂಡೆಯ ಮೇಲೆ ಕುಳಿತಿದ್ದ. ಎರಡೂ ಚಪ್ಪಲಿ ಕಾಲಲ್ಲಿ, ಕಾಲು ಮಡಚಿ, ಬೆನ್ನು ನೆಟ್ಟಗೆ. ಅಳುತ್ತಿರಲಿಲ್ಲ. ಬಟ್ಟೆ ಒದ್ದೆಯಾಗಿರಲಿಲ್ಲ. ನನ್ನನ್ನು ನೋಡಿ ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

“ಅಜ್ಜ, ನಾನು ಎರಡು ಹೇಳಿದೆನಲ್ಲ, ಮತ್ತೆ ಎಂತಕ್ಕೆ ಓಡಿ ಬಂದದ್ದು?”

“ಎಲ್ಲಿಂದ ಹೇಳಿದೆ?”

“ಇಲ್ಲಿಂದಲೇ. ನೀವು ನನ್ನ ಹಿಂದೆ ನಿಂತು ನಂಬರ್ ಅಂದ್ರಲ್ಲ. ನಾನು ತಿರುಗಿದೆ, ನೀವು ಇರ್ಲಿಲ್ಲ. ಆಮೇಲೆ ಕೂತಲ್ಲೇ ಕೂರು ಅಂದ್ರಿ. ಅದಕ್ಕೆ ಕೂತೆ.”

‘ಕೂತಲ್ಲೇ ಕೂರು’ ಎಂದು ನಾನು ಹೇಳಿರಲಿಲ್ಲ. ಮೈದಾನದಲ್ಲಿ ಸಾವಿರ ಸಲ ಹೇಳಿದ ಮಾತು ಅದು, ಆದರೆ ಮೊಮ್ಮಕ್ಕಳಿಗೆ ಒಮ್ಮೆಯೂ ಹೇಳಿದ್ದಿಲ್ಲ.

ರಸ್ತೆಯಲ್ಲಿ ಕೂಗಿದ್ದು ಹೊಳೆಗೆ ಕೇಳುತ್ತದೋ ಎಂದು ನೋಡಲು, ಮಕ್ಕಳನ್ನು ಮೇಲೆ ಬಿಟ್ಟು, ಹೆಂಡತಿಯನ್ನು ವ್ಯಾನಿನ ಹತ್ತಿರ ನಿಲ್ಲಿಸಿ, ಗಂಟಲು ಬಿಟ್ಟು ಕೂಗಲು ಹೇಳಿ ನಾನು ಮತ್ತೆ ಬಂಡೆಗೆ ಹೋಗಿ ನಿಂತೆ. ಅವಳು ಕೂಗಿದಳಂತೆ, ಎರಡು ಸಲ. ನನಗೆ ನೀರಿನ ಸದ್ದಲ್ಲದೆ ಬೇರೇನೂ ಕೇಳಲಿಲ್ಲ. ಮೇಲೆ ಬಂದಾಗ ಅವಳನ್ನೂ ಕೇಳಿದೆ. ಹೊರಡುವಾಗ ಎರಡು ಎಂದದ್ದು ತನಗೂ ಕೇಳಿತ್ತು, ಅದಕ್ಕೇ ಹಿಂದೆ ನೋಡಲಿಲ್ಲ ಎಂದಳು. “ನಾನು ಹೇಳಿದ್ದೆ” ಎಂದು ಮಾತ್ರ ಅವಳು ಅಂದೂ ಹೇಳಲಿಲ್ಲ, ಇಂದಿಗೂ ಹೇಳಿಲ್ಲ.

ಅಭ್ಯಾಸದಿಂದ ನನ್ನ ಕಿವಿಯೇ ಆ ಮಾತನ್ನು ಹುಟ್ಟಿಸಿಕೊಂಡಿತು ಎನ್ನಬಹುದು. ಮೂವರ ಕಿವಿಗಳೂ ಒಟ್ಟಿಗೆ? ಒಂಟಿಯಾಗಿ ಉಳಿದ ಮಗು ಧೈರ್ಯಕ್ಕೆ ಏನೋ ಕಲ್ಪಿಸಿಕೊಂಡಿತು ಎನ್ನಬಹುದು. ಆದರೆ ನಾವು ಬಿಟ್ಟುಹೋಗಿದ್ದೇವೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಕರೆದದ್ದು ಏನೇ ಆಗಿರಲಿ, ಅದು ನನ್ನನ್ನು ಮೋಸಗೊಳಿಸಿ ಮಗುವನ್ನು ಬಿಟ್ಟುಹೋಗುವಂತೆ ಮಾಡಿತು. ಅದೇ ಮಗುವನ್ನು ಗುಂಡಿಗೆ ಇಳಿಯದಂತೆ ಕೂರಿಸಿತು. ಈ ಎರಡನ್ನು ನಾನು ಇಂದಿಗೂ ಒಂದಕ್ಕೊಂದು ಜೋಡಿಸಲಾರೆ. ಎಲ್ಲಕ್ಕಿಂತ ಸುಲಭದ ವಿವರಣೆ ಸುಹಾಸ ಅಣಕಿಸಿದ ಎಂಬುದು. ಪಂಜದಲ್ಲಿ ನನ್ನ ಕೈ ಎದ್ದದ್ದು ಆ ಸುಲಭಕ್ಕೇ. ಅವನು ಸುಳ್ಳು ಹೇಳಿದನೆಂದರೆ ನನ್ನ ಲೋಕ ಮೊದಲಿನ ಹಾಗೆಯೇ ಉಳಿಯುತ್ತಿತ್ತು.

ವೇಳಾಪಟ್ಟಿಯಂತೆ ಸುಳ್ಯಕ್ಕೆ ಹೋದೆವು. ಮಕ್ಕಳಿಗೆ ಮೊದಲೇ ಮಾತು ಕೊಟ್ಟಿದ್ದರಿಂದ ಐಸ್‌ಕ್ರೀಮ್ ಕೊಡಿಸಿದೆ. ಸುಹಾಸ ತನ್ನದನ್ನು ತಮ್ಮನಿಗೆ ಕೊಟ್ಟ. ಜಾಲ್ಸೂರು ದಾಟಿದ ಮೇಲೆ ನಾನು ಇನ್ನೊಂದು ತಪ್ಪು ಮಾಡಿದೆ. ಕನ್ನಡಿಯಲ್ಲಿ ಅವರನ್ನು ನೋಡುತ್ತಾ, “ಇದನ್ನು ಅಮ್ಮನಿಗೆ ಹೇಳುದು ಬೇಡ, ಸುಮ್ಮನೆ ಹೆದರ್ತಾಳೆ” ಎಂದೆ. ಹೆಂಡತಿ ನನ್ನ ಕಡೆ ಒಮ್ಮೆ ನೋಡಿ ಮತ್ತೆ ಕಿಟಕಿಗೆ ತಿರುಗಿದಳು.

ಮಗಳು ಆರೂಕಾಲಿಗೆ ಸ್ಕೂಟರಿನಲ್ಲಿ ಬಂದಳು. “ಎಂತ ಅಪ್ಪ, ತುಂಬ ಉಪದ್ರ ಕೊಟ್ರಾ ಇವರು?” ಎಂದು ಕೇಳಿದಳು. ನಾನು ಉತ್ತರಿಸುವ ಮೊದಲೇ ತನುಷ ಹಾರಿಕೊಂಡು ಹೇಳಿದ, “ಅಮ್ಮಾ, ನಾನು ಹೊಳೆಯಲ್ಲಿ ಒಬ್ಬನೇ ಇದ್ದೆ!”

ಮಗಳು ನನ್ನ ಮುಖ ನೋಡಿದಳು. ಸುಹಾಸನೂ ನೋಡಿದ. ಆಮೇಲೆ ಅವನು ಹೇಳಿದ, “ಅದು ಆಟ ಅಮ್ಮ. ಅಡಗುವ ಆಟ.”

ನನಗೆ ಗೊತ್ತಿರುವ ಹಾಗೆ ಅವನು ಆ ದಿನ ಹೇಳಿದ ಒಂದೇ ಸುಳ್ಳು ಅದು. ಅದನ್ನೂ ನನಗಾಗಿ ಹೇಳಿದ್ದ. ಮಕ್ಕಳಿಬ್ಬರೂ ಸ್ಕೂಟರು ಹತ್ತಿದರು. ಮಗಳು ಕೀಲಿ ತಿರುಗಿಸುವಷ್ಟರಲ್ಲಿ ನಾನು ಹ್ಯಾಂಡಲಿಗೆ ಕೈ ಹಾಕಿ ನಿಲ್ಲಿಸಿದೆ.

“ಆಟ ಅಲ್ಲ. ನಾನು ಅವನನ್ನು ಹೊಳೆಬದಿಯಲ್ಲಿ ಬಿಟ್ಟು ಪಂಜಕ್ಕೆ ಹೋಗಿದ್ದೆ. ನಲವತ್ತು ನಿಮಿಷಕ್ಕೂ ಹೆಚ್ಚು. ತಪ್ಪು ನನ್ನದು. ಇವನಿಗೆ ಹೊಡೆದೆ. ಸುಳ್ಳ ಅಂದೆ. ಇವನು ಹೇಳಿದ್ದೆಲ್ಲ ಸತ್ಯ.”

ಮಗಳು ಬೈಯುತ್ತಾಳೆಂದು ಕಾದೆ. ಅವಳು ಬೈಯಲಿಲ್ಲ. ಮುಂದೆ ನಿಂತಿದ್ದ ಸಣ್ಣವನ ತಲೆಯ ಮೇಲೆ ಕೈಯಿಟ್ಟು, ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿ ದೊಡ್ಡವನ ಮೊಣಕಾಲು ಹಿಡಿದುಕೊಂಡಳು. ಸುಹಾಸ ನನ್ನನ್ನೇ ನೋಡುತ್ತಿದ್ದ. ಸಿಟ್ಟಿನಿಂದಲ್ಲ, ಪಾಠ ಕೇಳುವ ಹುಡುಗನ ಹಾಗೆ.

“ಹಾಗಾದರೆ ಎರಡು ಅಂದದ್ದು ಯಾರು ಅಜ್ಜ?”

“ಗೊತ್ತಿಲ್ಲ ಮಗ” ಎಂದೆ. ಮೂವತ್ತನಾಲ್ಕು ವರ್ಷದಲ್ಲಿ ಒಬ್ಬ ಹುಡುಗನಿಗೂ ನಾನು ಹೇಳದ ಮಾತು ಅದು.

ಅವರು ಹೋದ ಮೇಲೆ ವ್ಯಾನು ತೊಳೆದೆ. ಚಾಪೆ ಕೊಡವಿ ಒಣಹಾಕಿದೆ. ಏಳೂವರೆಗೆ ಡೈರಿ ತೆಗೆದೆ. ಹೊರಟದ್ದು ಏಳು ಹತ್ತಕ್ಕೆ, ತಲುಪಿದ್ದು ಐದೂ ನಲವತ್ತಕ್ಕೆ. ಹೋದವರು ನಾಲ್ವರು. ಬಂದವರು ನಾಲ್ವರು. ‘ವಿಶೇಷ’ ಎಂಬಲ್ಲಿ ‘ದೊಡ್ಡವನು ಸುಳ್ಳು ಹೇಳಿಲ್ಲ’ ಎಂದು ಬರೆದು, ಕೆಳಗೆ ಸಹಿ ಹಾಕಿ, ಡೈರಿಯನ್ನು ಅದರ ಜಾಗದಲ್ಲಿಟ್ಟೆ.