ಮುಖ ಕೆರೆದ ಫೋಟೋ

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಆತ್ಮ, ಮೈಮೇಲೆ ಬರುವುದು, ಇವು ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ಈಗಲೂ ಇಲ್ಲ. ಬಹಳ ವರ್ಷ ಬಳ್ಳಾರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿದವಳು ನಾನು. ಮಕ್ಕಳು ದೆವ್ವದ ಕಥೆ ತೆಗೆದರೆ ಸಾಕು, "ಯಾರು ನೋಡಿದ್ದು? ನೀನೇ ನೋಡಿದ್ಯಾ? ಬೆಳಕು ಎಷ್ಟಿತ್ತು?" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಅದೇ ಪ್ರಶ್ನೆಗಳನ್ನು ಈಗ ನೀವು ನನ್ನನ್ನು ಕೇಳಬಹುದು. ಬೆಳಕು ಬೇಕಾದಷ್ಟಿತ್ತು. ಮಟಮಟ ಮಧ್ಯಾಹ್ನ, ಅದೂ ನಮ್ಮ ಬಳ್ಳಾರಿ ಸೀಮೆಯ ಬೇಸಿಗೆ. ಕೇಳಿಸಿಕೊಂಡವರು ನನ್ನ ಜೊತೆ ಇನ್ನೂ ಮೂವರಿದ್ದರು. ನನಗೆ ಜ್ವರ ಇರಲಿಲ್ಲ, ಹೊಟ್ಟೆ ತುಂಬಾ ಊಟ ಮಾಡಿ ಹೊರಟಿದ್ದೆ. ಇಷ್ಟು ಹೇಳಿದ ಮೇಲೂ ನಗುವವರು ನಗಲಿ.

ನನಗೊಂದು ಹುಚ್ಚಿದೆ. ಹಳೇ ಸಾಮಾನಿನ ಅಂಗಡಿಗಳಲ್ಲಿ ಬಿದ್ದಿರುವ ಹಳೆಯ ಫೋಟೋಗಳನ್ನು ತಂದು, ಅವು ಯಾರ ಮನೆಯವು ಎಂದು ಹುಡುಕಿ, ಅವರಿಗೆ ಮುಟ್ಟಿಸುವುದು. ಕೌಲ್ ಬಜಾರಿನ ಕಡೆ ಅಂಥದ್ದೊಂದು ಅಂಗಡಿ ಇದೆ. ಹಳೆಯ ಮನೆ ಕೆಡವಿದಾಗ ಬಾಗಿಲು, ಕಂಬ, ತೊಟ್ಟಿಲು, ಹಿತ್ತಾಳೆ ಹಂಡೆಗಳ ಜೊತೆ ಕಟ್ಟು ಹಾಕಿಸಿದ ಫೋಟೋಗಳೂ ಅಲ್ಲಿಗೆ ಬರುತ್ತವೆ. ತೇಗದ ಚೌಕಟ್ಟಿಗೆ ಗಿರಾಕಿ ಇದೆ, ದೊಡ್ಡ ಊರಿನ ಹೋಟೆಲಿನವರು ಕೊಂಡು ಅದರಲ್ಲಿ ಕನ್ನಡಿ ಕೂರಿಸುತ್ತಾರಂತೆ. ಒಳಗಿನ ಮನುಷ್ಯರಿಗೆ ಗಿರಾಕಿ ಇಲ್ಲ. ಅಂಗಡಿಯ ಸಾಹೇಬರು ಫೋಟೋ ಕಿತ್ತು ಮೂಲೆಗೆ ಒಟ್ಟುತ್ತಾರೆ. ನಾನು ಹೋದಾಗಲೆಲ್ಲ, "ಬರ್ರಿ ಟೀಚರ್, ನಿಮ್ ಬೀಗರು ಕಾಯಾಕತ್ಯಾರ" ಎಂದು ಆ ಮೂಲೆ ತೋರಿಸಿ ನಗುತ್ತಾರೆ.

ಆ ಫೋಟೋ ಸಿಕ್ಕಿದ್ದು ಅಲ್ಲೇ. ಇಬ್ಬರು ಹುಡುಗಿಯರು. ಚಿಕ್ಕವಳಿಗೆ ಏಳೆಂಟು ವರ್ಷ ಇರಬಹುದು, ಕುರ್ಚಿಯ ಮೇಲೆ ಕೂತಿದ್ದಾಳೆ. ಕಣ್ಣು ಇಷ್ಟಗಲ ತೆರೆದಿದೆ, ಎಡಹುಬ್ಬು ನಡುವೆ ತುಂಡಾದ ಹಾಗೆ ಒಂದು ಗಾಯದ ಕಲೆ. ದೊಡ್ಡವಳು ಪಕ್ಕದಲ್ಲಿ ನಿಂತು ಚಿಕ್ಕವಳ ಹೆಗಲ ಮೇಲೆ ಕೈ ಇಟ್ಟಿದ್ದಾಳೆ. ಇಳಕಲ್ಲ ಸೀರೆ, ಕೈತುಂಬಾ ಬಳೆ, ಉದ್ದ ಜಡೆ. ಮುಖ ಮಾತ್ರ ಇಲ್ಲ. ಯಾರೋ ಮೊಳೆಯಂಥದ್ದರಿಂದ ಆ ಮುಖವನ್ನು ಕೆರೆದು ಕೆರೆದು ಬಿಳಿ ಮಾಡಿದ್ದರು. ಗೆದ್ದಲು ತಿಂದ, ನೀರು ಕುಡಿದ ಫೋಟೋಗಳನ್ನು ನಾನು ಎಷ್ಟೋ ನೋಡಿದ್ದೆ. ಬೇಕೆಂದೇ ಹೀಗೆ ಮಾಡಿದ್ದನ್ನು ನೋಡಿರಲಿಲ್ಲ. ಮೈ ಉರಿದುಹೋಯಿತು. ಇವಳನ್ನು ಇವಳ ಮನೆಗೆ ಮುಟ್ಟಿಸಿಯೇ ತೀರುತ್ತೇನೆ ಎಂದು ಅಂಗಡಿಯಲ್ಲೇ ನಿಂತು ಹಟ ತೊಟ್ಟೆ.

ಕೆಳಗೆ ಸಿರುಗುಪ್ಪದ ಸ್ಟುಡಿಯೋ ಒಂದರ ಅಚ್ಚು ಇತ್ತು. ಫೋಟೋದ ಹಿಂದೆ ಏನೂ ಬರೆದಿರಲಿಲ್ಲ. ಫೋಟೋವನ್ನು ಆ ಕಡೆಯವರ ವಾಟ್ಸಾಪ್ ಗುಂಪುಗಳಿಗೆ ಹಾಕಿದೆ. ಕೆಲವು ದಿನದ ಮೇಲೆ ಸಿರುಗುಪ್ಪದಿಂದ ನಾಗರತ್ನ ಎಂಬ ಹೆಂಗಸು ಫೋನ್ ಮಾಡಿದರು. ಹೋಗಿ ಭೇಟಿಯಾದೆ. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ನಾಗರತ್ನ ಚಿಕ್ಕ ಹುಡುಗಿಯ ಹುಬ್ಬಿನ ಮೇಲೆ ಬೆರಳಿಟ್ಟು, "ಈಕಿ ನಮ್ಮ ಈರಮ್ಮಜ್ಜಿನ. ದೂರದ ಸಂಬಂಧ ನಮಗ. ಕುರುಗೋಡಾಗ ಮಗನ ಮನ್ಯಾಗ ಅದಾಳ. ಈಗೂ ಹುಬ್ಬು ಹಿಂಗ ಐತಿ" ಅಂದರು. ಈರಮ್ಮನ ತವರುಮನೆ ಸಿರುಗುಪ್ಪದಲ್ಲೇ ಇತ್ತಂತೆ, ಅದನ್ನು ಇತ್ತೀಚೆಗೆ ಕೆಡವಿದರಂತೆ. ಫೋಟೋ ಅಂಗಡಿ ಸೇರಿದ್ದು ಹಾಗೆ.

"ದೊಡ್ಡವಳು ಯಾರು?" ಎಂದು ಕೇಳಿದೆ.

"ಅದ ನನಗೂ ತಿಳೀವಲ್ದು. ನಮ್ಮವ್ವಗ ಕೇಳಿದ್ನಿ. ನಿನಗ್ಯಾಕ ಬೇಕು ಸುಮ್ಕಿರು ಅಂತ ಬೈದಳು."

ಒಬ್ಬಳ ಹೆಸರು ಎತ್ತಿದರೆ ಬೈಗುಳ ಬರುತ್ತದೆ ಎಂದರೆ ಅವಳ ಹೆಸರನ್ನು ಎತ್ತಲೇಬೇಕು ಅನ್ನುವ ಸ್ವಭಾವ ನನ್ನದು. ಮುಂದಿನ ಭಾನುವಾರ ಕುರುಗೋಡಿನ ಬಸ್ಸು ಹತ್ತಿದೆ.

ಈರಮ್ಮನ ಮಗ ಬಸವರಾಜನಿಗೆ ಅರವತ್ತರ ಹತ್ತಿರ. ಮಾರ್ಕೆಟ್ಟಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಒಳ್ಳೆಯ ಮನುಷ್ಯರೇ. ಬಿಸಿಲಲ್ಲಿ ಬಂದಿದ್ದೀರಿ ಎಂದು ಫ್ಯಾನಿನ ಕೆಳಗೆ ಕೂರಿಸಿದರು, ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟರು. ಈರಮ್ಮ ಒಳಗಿನ ಕೋಣೆಯಲ್ಲಿ ಮಲಗಿದ್ದರು. "ಅವ್ವಗ ವಯಸ್ಸಾತು, ಮಾತು ಕಡಿಮಿ ಮಾಡ್ಯಾಳ" ಅಂದರು ಬಸವರಾಜ. ನಾನು ಫೋಟೋ ಕೈಗಿಟ್ಟೆ. ತಾಯಿಯನ್ನು ಅಷ್ಟು ಚಿಕ್ಕವಳಾಗಿ ನೋಡಿ ಅವರ ಮುಖ ಅರಳಿತು. ಆಮೇಲೆ ಪಕ್ಕದವಳನ್ನು ನೋಡಿದರು. ಮುಖ ಬಿಗಿಯಿತು.

"ಈಕಿ ಯಾರೂ ಅಲ್ಲರೀ" ಅಂದರು. ಹೆಂಡತಿಯ ಕಡೆ ತಿರುಗಿ, "ಕತ್ರಿ ತೊಗೊಂಬಾ. ಅವ್ವನ ಪಟ ಅಷ್ಟ ಕತ್ತರಿಸಿಕೊಂಡು ಕಟ್ಟ ಹಾಕಸ್ತೀನಿ" ಅಂದರು.

ಹಾಗೆ ಕತ್ತರಿಸುವುದಕ್ಕಾಗಿ ನಾನು ತಂದಿಲ್ಲ ಎಂದು ಫೋಟೋ ವಾಪಸು ಕೇಳಿದೆ. ಅವರು ಕೊಡಲಿಲ್ಲ. "ನಮ್ಮ ಮನಿ ವಿಷಯ ಐತಿ ಇದು. ನನ್ನ ಮಗಳಿಗೆ ವರ ಬರಾಕತ್ಯಾವು. ಹಳೇದೆಲ್ಲ ಕೆದಕಾಕ ನೀವು ಯಾರು?" ಎಂದು ದನಿ ಏರಿಸಿದರು. ನಾನೂ ಎದ್ದು ನಿಂತೆ. "ಕೆದಕಿದ್ದು ನಾನಲ್ಲ, ಕೆರೆದವರು ನಿಮ್ಮವರು" ಎಂದು ಹೇಳಬೇಕೆಂದಿದ್ದೆ. ವಾಕ್ಯ ಪೂರ್ತಿ ತಲೆಯಲ್ಲಿ ಸಿದ್ಧವಿತ್ತು. ಬಾಯಿ ತೆರೆದೆ.

ಬಂದ ಮಾತು ಬೇರೆ.

"ಕುಸುಬೀ, ಕಣ್ಣು ಪಿಳುಕಸಬ್ಯಾಡ. ನಾ ಇಲ್ಲೇ ಅದೀನಿ."

ಮೈ ನಡುಗಲಿಲ್ಲ, ಕಣ್ಣು ಕತ್ತಲೆ ಬರಲಿಲ್ಲ. ದನಿ ನನ್ನದೇ ಆಗಿತ್ತು. ಮಗುವನ್ನು ಸಮಾಧಾನ ಮಾಡುವಾಗ ಆಗುವಷ್ಟು ಮೆತ್ತಗೆ ಆಗಿತ್ತು, ಅಷ್ಟೇ. ಆ ಮಾತಿನ ಅರ್ಥ ನನಗೂ ಆಗಲಿಲ್ಲ. ನಾನು ಹುಟ್ಟಿ ಬೆಳೆದದ್ದು ತುಮಕೂರು. ಇಷ್ಟು ವರ್ಷ ಇಲ್ಲಿದ್ದರೂ "ಅದೀನಿ" ಎಂದು ನನ್ನ ಬಾಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಮಕ್ಕಳು ನನ್ನ "ಇದ್ದೀನಿ"ಯನ್ನು ಅಣಕಿಸಿ ನಗುತ್ತಿದ್ದರು. ಕುಸುಬಿ ಎಂದರೆ ಎಣ್ಣೆ ತೆಗೆಯುವ ಕಾಳು ಎಂದು ಗೊತ್ತಿತ್ತು. ಮನುಷ್ಯರನ್ನು ಹಾಗೆ ಕರೆಯುತ್ತಾರೆಂದು ಗೊತ್ತಿರಲಿಲ್ಲ.

ಬಸವರಾಜ ನನಗೆ ತಲೆ ಕೆಟ್ಟಿದೆ ಎನ್ನುವ ಹಾಗೆ ನೋಡುತ್ತಿದ್ದರು. ಅಷ್ಟರಲ್ಲಿ ಒಳಕೋಣೆಯಿಂದ ಉತ್ತರ ಬಂತು.

"ಹ್ಞೂಂ ಅಕ್ಕಾ. ಪಿಳುಕಸಂಗಿಲ್ಲ."

ಗೋಡೆ ಹಿಡಿದುಕೊಂಡು ಈರಮ್ಮ ಹೊರಗೆ ಬಂದರು. ನನ್ನ ಮುಖ ನೋಡಿ ಒಂದು ಕ್ಷಣ ನಿರಾಶೆಯಾದಂತೆ ನಿಂತರು. ಆಮೇಲೆ ಮಗನ ಕೈಯಿಂದ ಫೋಟೋ ತೆಗೆದುಕೊಂಡರು. ಆ ಕೆರೆದ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತರು. ಸೊಸೆ ತಾನು ತಂದ ಕತ್ತರಿಯನ್ನು ಸೆರಗಿನ ಹಿಂದೆ ಮುಚ್ಚಿಟ್ಟುಕೊಂಡದ್ದನ್ನು ನಾನು ನೋಡಿದೆ.

"ಸ್ಟುಡಿಯೋದಾತ ಕರೇ ಅರಿವಿ ಹೊತ್ಕೊಂಡು ಕ್ಯಾಮೆರಾ ಡಬ್ಬಿ ಹಿಂದ ಹೋದ" ಎಂದು ಈರಮ್ಮ ಹೇಳಿದರು. "ನಾ ಅಂಜಿ ಅಳಾಕತ್ನಿ. ಆಗ ಹಂಪಕ್ಕ ಅಂದ ಮಾತು ಅದು. ನಮ್ಮಿಬ್ಬರನ್ನ ಬಿಟ್ರ ಆತ ಒಬ್ಬನ ಇದ್ದ ಅಲ್ಲಿ. ಕುಸುಬಿ ಹೊಲದಾಗ ಮುಳ್ಳು ಚುಚ್ಚಿಸ್ಕೊಂಡು ನಾ ಅತ್ತಿದ್ನಿ ಅಂತ ನನಗ ಕುಸುಬಿ ಅಂತಿದ್ದಳು. ಆಕಿ ಒಬ್ಬಾಕಿನ ಹಂಗ ಕರೀತಿದ್ದಳು. ಆಕಿ ಹೋದ ಮ್ಯಾಲ ಯಾರೂ ಕರದಿಲ್ಲ."

ಹಂಪಕ್ಕ ಅವರ ಸ್ವಂತ ಅಕ್ಕ. ಗಂಡನ ಮನೆಯಲ್ಲಿ ಹೊಡೆತ ತಾಳಲಾರದೆ ತವರಿಗೆ ಬಂದಳು, ಅಪ್ಪ ಮತ್ತೆ ಕಳಿಸಿದ. ಎರಡನೆಯ ಸಲ ಅವಳು ಯಾರ ಮನೆಗೂ ಹೋಗಲಿಲ್ಲ. ಊರಿಗೆ ಬಂದಿದ್ದ ನಾಟಕದ ಕಂಪನಿಯ ಜೊತೆ ಹೊರಟುಹೋದಳು. ಆದೋನಿ ಕಡೆ ಅವಳು ಬಣ್ಣ ಹಚ್ಚಿ ಕುಣಿದಳೆಂದು ಸುದ್ದಿ ಬಂದ ದಿನ ಅಪ್ಪ ಗೋಡೆಯ ಮೇಲಿನ ಈ ಫೋಟೋ ಇಳಿಸಿ, ಮೊಳೆ ತೆಗೆದುಕೊಂಡು ಮುಖ ಕೆರೆದ. ಈರಮ್ಮ ಅದನ್ನು ನಿಂತು ನೋಡಿದ್ದರು. ಆಮೇಲೆ ಆ ಹೆಸರು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಬಸವರಾಜನಿಗೆ ಅಜ್ಜ ಸಾಯುವ ಮುಂಚೆ ಹೇಳಿಹೋದದ್ದು ಇಷ್ಟೇ: ನಿನ್ನ ಅವ್ವಗೆ ಒಬ್ಬ ಅಕ್ಕ ಇದ್ದಳು, ಆಕೆಯ ಮಾತು ತೆಗೆಯಬೇಡ. ತಾಯಿಗೆ ಕುಸುಬಿ ಎಂಬ ಹೆಸರಿತ್ತೆಂದು ಅವರೂ ಅವತ್ತೇ ಕೇಳಿದ್ದು.

"ಅವ್ವಾ, ಬ್ಯಾಡ ಬಿಡು ಈಗ" ಅಂದರು ಬಸವರಾಜ. "ಮಂದಿ ಏನಂದಾರು?"

"ಮಂದಿ ಮಾತಿಗೇ ನಮ್ಮಪ್ಪ ಮೊಳಿ ಹಿಡದ. ನೀ ಕತ್ರಿ ಹಿಡಿಯಾಕ ನಿಂತಿ. ನಡುಮನ್ಯಾಗ ಹಾಕು ಇದನ್ನ. ಕೆರದಿದ್ದು ಹಂಗ ಇರಲಿ, ಮಂದಿ ನೋಡಲಿ. ಯಾರ ಮಕ ಅಂತ ಕೇಳಿದ್ರ ನಾ ಹೇಳತೀನಿ. ನಾ ಇನ್ನೂ ಸತ್ತಿಲ್ಲಲೇ."

ಅಷ್ಟು ದೊಡ್ಡ ಮಗನನ್ನು ಅವರು ಹಾಗೆ ಗದರಿಸಿದ್ದು ಸೊಸೆಗೂ ಹೊಸದಿರಬೇಕು. ಬಸವರಾಜ ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ಕಡೆ ಹೊರಟುಹೋದರು. ಅವರು ಬೀದಿ ದಾಟಿದ ಮೇಲೆ ಸೊಸೆ ಸ್ಟೂಲು ತಂದು, ಬಾಗಿಲಿಗೆ ಎದುರಾದ ಗೋಡೆಯಿಂದ ಕ್ಯಾಲೆಂಡರ್ ತೆಗೆದು, ಆ ಜಾಗಕ್ಕೆ ಫೋಟೋದ ಹಂಪಕ್ಕನನ್ನೂ ಈರಮ್ಮನನ್ನೂ ಏರಿಸಿದರು. ನಾಗರತ್ನ ಹೇಳುವ ಪ್ರಕಾರ ಫೋಟೋ ಈಗಲೂ ಅಲ್ಲೇ ಇದೆ. ಹುಡುಗಿಯನ್ನು ನೋಡಲು ಬಂದ ಬೀಗರು ಕೇಳಿದರಂತೆ, ಈರಮ್ಮ ಹೇಳಿದರಂತೆ. ಮದುವೆ ನಿಲ್ಲಲಿಲ್ಲ.

ಇದನ್ನು ಕೇಳಿದವರು ನನಗೆ ಎರಡು ಕಡೆಯಿಂದ ಬುದ್ಧಿ ಹೇಳಿದ್ದಾರೆ. ನನ್ನ ಜೊತೆ ವಿಜ್ಞಾನ ಕಲಿಸಿದವರು, ಎಲ್ಲೋ ಕೇಳಿದ್ದೀರಿ, ಮರೆತಿದ್ದೀರಿ, ಸಿಟ್ಟಿನಲ್ಲಿ ಹೊರಬಂತು ಎನ್ನುತ್ತಾರೆ. ಎಲ್ಲಿ ಕೇಳಲಿ? ನಾಗರತ್ನ ಅವರನ್ನು ಆಮೇಲೆ ವಿಚಾರಿಸಿದೆ, ಕುಸುಬಿ ಎಂಬ ಹೆಸರು ಅವರ ಕಿವಿಗೇ ಬಿದ್ದಿರಲಿಲ್ಲ. ಇನ್ನು ಕೆಲವರು, ನಿಮ್ಮ ಮೈಮೇಲೆ ಹಂಪಕ್ಕ ಬಂದಿದ್ದಳು, ಶಾಂತಿ ಮಾಡಿಸಿ ಎನ್ನುತ್ತಾರೆ. ಒಂದಿಬ್ಬರು ತೀರಿಕೊಂಡ ತಾಯಂದಿರ ಫೋಟೋ ಹಿಡಿದು, ಏನಾದರೂ ಹೇಳುತ್ತಾಳಾ ನೋಡಿ ಎಂದು ನನ್ನ ಮನೆಯ ಬಾಗಿಲಿಗೂ ಬಂದಿದ್ದರು. ಅವರಿಗೆ ಕಾಫಿ ಕೊಟ್ಟು ಕಳಿಸಿದೆ. ಹಂಪಕ್ಕ ಸತ್ತಿದ್ದಾಳೆಂದು ಅವರಿಗೆ ಹೇಳಿದವರು ಯಾರು? ಈರಮ್ಮನಿಗೇ ಅದು ಗೊತ್ತಿಲ್ಲ. ಎರಡು ಕಡೆಯವರೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಮುನಿಸಿಕೊಳ್ಳಲಿ. ಅವರನ್ನು ಸಮಾಧಾನ ಮಾಡುವುದಕ್ಕಾಗಿ ನಡೆದದ್ದಕ್ಕೆ ಒಂದು ಮಾತು ಸೇರಿಸುವುದೂ ಇಲ್ಲ, ಒಂದು ಮಾತು ಬಿಡುವುದೂ ಇಲ್ಲ. ಆಮೇಲೆ ನಾನು ಎಷ್ಟೋ ಫೋಟೋಗಳನ್ನು ಎಷ್ಟೋ ಮನೆಗಳಿಗೆ ಮುಟ್ಟಿಸಿದ್ದೇನೆ. ಅಂಥದ್ದು ಮತ್ತೆ ಆಗಲೇ ಇಲ್ಲ.

ಒಂದು ಮಾತು ಹೇಳುವುದು ಉಳಿದಿದೆ. ಅವತ್ತು ಹೊರಟಾಗ ಈರಮ್ಮ ಬಾಗಿಲವರೆಗೂ ಬಂದು ನನ್ನ ಮುಂಗೈ ಹಿಡಿದುಕೊಂಡರು. ಸೊಸೆಗೆ ಕೇಳಿಸದ ಹಾಗೆ, "ಟೀಚರಮ್ಮ, ಅಕ್ಕ ಮತ್ತೇನರ ಅಂದ್ಲೇನು?" ಎಂದು ಕೇಳಿದರು.

ನನಗೆ ಯಾವ ಅಕ್ಕನೂ ಗೊತ್ತಿಲ್ಲ, ನನಗೆ ಯಾರೂ ಏನೂ ಹೇಳಿಲ್ಲ, ಅದು ಹೇಗೆ ಬಂತೋ ತಿಳಿಯದು ಎಂದು ಹೇಳಬೇಕಿತ್ತು. ಜೀವನವಿಡೀ ಮಕ್ಕಳಿಗೆ ಕಲಿಸಿದ್ದು ಅದನ್ನೇ.

"ಇಲ್ಲ ಅಜ್ಜಿ, ಅಷ್ಟೇ ಅಂದಿದ್ದು" ಅಂದೆ.

ಅವರು ತಲೆಯಾಡಿಸಿ ಕೈ ಬಿಟ್ಟರು. ಹಾಗೆ ಹೇಳಿದ ಮೇಲೆ, ಯಾರೋ ಏನೋ ಅಂದದ್ದು ನಿಜವೆಂದು ನಾನೇ ಒಪ್ಪಿಕೊಂಡಂತಾಯಿತು. ಯಾರು ಎಂದು ಕೇಳಬೇಡಿ, ಗೊತ್ತಿಲ್ಲ. ಆದರೆ ಆ ಉತ್ತರವನ್ನು ನಾನು ಇವತ್ತಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ.